ವಾಡೆಯಲ್ಲಿ ಮದುವೆ ಮಾಡಿದವರು ಇದ್ದೀರಾ? ಆರುನೂರು ಜನ, ಎರಡು ಬಚ್ಚಲು

ಸಪ್ತಾಪುರದ ಲೆಕ್ಕಿಗ:

ಮಗಳ ಮದುವೆ ಏಪ್ರಿಲ್ ಕೊನೆಯ ವಾರಕ್ಕೆ ನಿಶ್ಚಯವಾಗಿದೆ. ಬೀಗರು ಬೆಳಗಾವಿ ಕಡೆಯವರು. ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪ ನೋಡಿ, ಮುಂಗಡದ ಚೆಕ್ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಮಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ದೇಸಾಯರ ವಾಡೆ, ಅಂದರೆ ಹಳೆಯ ಜಮೀನುದಾರರ ದೊಡ್ಡ ಮನೆ. "ಅಪ್ಪಾ, ಆದರೆ ಇಲ್ಲಿ ಆಗಲಿ" ಎಂದಳು. ಹಟ ಮಾಡುವ ಹುಡುಗಿಯಲ್ಲ, ಅದಕ್ಕೇ ಕಷ್ಟವಾಗಿದೆ.

ಕಳೆದ ಭಾನುವಾರ ಹೋಗಿ ನೋಡಿ ಬಂದೆವು. ಆನೆ ಹೋಗುವಷ್ಟು ಎತ್ತರದ ಹೆಬ್ಬಾಗಿಲು, ಅದರಲ್ಲೇ ತಲೆ ಬಗ್ಗಿಸಿ ನುಗ್ಗುವ ದಿಡ್ಡಿ ಬಾಗಿಲು. ಎರಡು ಅಂಗಳ. ಪಡಸಾಲೆಯಲ್ಲಿ ಹದಿನಾರು ಸಾಗವಾನಿ ಕಂಬಗಳು. ನಾನು ಎರಡು ಸಲ ಎಣಿಸಿದೆ. ಮೇಲೆ ಮಣ್ಣಿನ ಮಾಳಿಗೆ, ಅಂದರೆ ಸಪಾಟಾದ ಮಣ್ಣಿನ ಛಾವಣಿ. ಮುಂಭಾಗಕ್ಕೆ ಮಾತ್ರ ಒಂದು ಮಹಡಿ. ಆ ಮನೆಯ ಒಬ್ಬ ಮಗ ವಯಸ್ಸಾದ ತಾಯಿಯೊಂದಿಗೆ ಅಲ್ಲಿಯೇ ಇದ್ದಾರೆ, ಇನ್ನೊಬ್ಬರು ಪುಣೆಯಲ್ಲಿದ್ದಾರೆ. ವ್ಯವಹಾರವೆಲ್ಲ ಪುಣೆಯವರದು, ಫೋನಿನಲ್ಲಿಯೇ. ಎರಡು ದಿನಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ ಕೇಳಿದ್ದಾರೆ. ಕಲ್ಯಾಣ ಮಂಟಪದ ಬಾಡಿಗೆ ಇದಕ್ಕಿಂತ ಹೆಚ್ಚು, ಆದರೆ ಅದರಲ್ಲಿ ಕೋಣೆ, ಪಾತ್ರೆ, ನೀರು, ಜನರೇಟರ್ ಎಲ್ಲ ಸೇರಿದೆ. ಇಲ್ಲಿ ಸೇರಿರುವುದು ಗೋಡೆ ಮತ್ತು ಕಂಬ ಮಾತ್ರ. ಎರಡು ಬಚ್ಚಲು, ಹಿತ್ತಲಲ್ಲಿ ಒಂದು ಶೌಚಾಲಯ. ನಮ್ಮ ಪಟ್ಟಿಯಲ್ಲಿ ಆರುನೂರು ಜನ.

ನನ್ನ ಹೆಂಡತಿಯ ಪ್ರಶ್ನೆ ಒಂದೇ: "ಬೀಗರ ಕೈಗೆ ಚೊಂಬು ಕೊಟ್ಟು ಹಿತ್ತಲ ಬಾಗಿಲು ತೋರಿಸುತ್ತೀರಾ?" ಉತ್ತರ ನನ್ನಲ್ಲಿ ಇಲ್ಲ. ಲೆಕ್ಕಪತ್ರ ನೋಡಿಕೊಂಡೇ ಮೂವತ್ತು ವರ್ಷ ಕಳೆದವನು ನಾನು, ಬಾಡಿಗೆಯ ಲೆಕ್ಕ ನನಗೆ ತಿಳಿಯುತ್ತದೆ. ಕಾಣದ ಲೆಕ್ಕ ಯಾವುದಿದೆ ಎಂಬುದು ತಿಳಿಯುತ್ತಿಲ್ಲ. ಇಂಥ ಮನೆಯಲ್ಲಿ ಶುಭಕಾರ್ಯ ಮಾಡಿದವರು ದಯವಿಟ್ಟು ಹೇಳಿ.

ಗದುಗಿನ ಗಾಳಿ:

ಚೆಕ್ಕನ್ನು ಕಲ್ಯಾಣ ಮಂಟಪಕ್ಕೆ ಕೊಟ್ಟುಬಿಡಿ ಸಾರ್. ಚಿತ್ರಕ್ಕಾಗಿಯೇ ವಾಡೆ ಬೇಕಾದರೆ ಒಂದು ಬೆಳಗ್ಗೆ ಹೋಗಿ ಚಿತ್ರ ತೆಗೆಸಿಕೊಂಡು ಬರಲಿ. ನಿಮ್ಮ ಮಗಳು ಮನೆಯನ್ನಾದರೂ ಕೇಳಿದ್ದಾಳೆ. ನನ್ನ ತಮ್ಮ ಲಕ್ಕುಂಡಿಯ ಬ್ರಹ್ಮಜಿನಾಲಯದ ಅಂಗಳದಲ್ಲಿ ಆರತಕ್ಷತೆ ಇಟ್ಟುಕೊಳ್ಳೋಣ ಎಂದಿದ್ದ. ಅತ್ತಿಮಬ್ಬೆ ಕಟ್ಟಿಸಿದ ಬಸದಿ, ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕ. ಅಲ್ಲಿ ನಿನ್ನ ಬುಂದಿ ಲಾಡು ಹಂಚಲು ಯಾರು ಬಿಡುತ್ತಾರೆ ಎಂದು ಕೇಳಿದ ಮೇಲೆ ಸುಮ್ಮನಾದ.

ಕರ್ಲುಮಣ್ಣು:

ನಾನು ವಾಡೆಯಲ್ಲಿ ಹುಟ್ಟಿ ಬೆಳೆದವಳು. ಬಾಡಿಗೆಗೆ ಕೊಟ್ಟವರ ಮನೆಯ ಹೆಣ್ಣುಮಗಳಾಗಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳಿಕೊಳ್ಳಿ.

ನಮ್ಮದು ನರಗುಂದದ ಕಡೆ. ಪರಗಣೆ ಮತ್ತು ಕುಲಕರ್ಣಿ ವತನಗಳು, ಅಂದರೆ ಹುದ್ದೆಯ ಜೊತೆ ವಂಶಪಾರಂಪರ್ಯವಾಗಿ ಬಂದ ಹೊಲ ಮತ್ತು ಹಕ್ಕುಗಳು, 1950ರ ಮುಂಬೈ ಸರ್ಕಾರದ ಕಾಯ್ದೆಯಲ್ಲಿ ಹೋದವು. ಉಳಿದ ಗೇಣಿ ಹೊಲಗಳು ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯ ನಂತರ ಉಳುವವರ ಹೆಸರಿಗಾದವು. ಆದದ್ದು ನ್ಯಾಯವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹೊಲ ಹೋದರೂ ಮನೆ ಮಾತ್ರ ಅಷ್ಟೇ ದೊಡ್ಡದಾಗಿ ಉಳಿಯಿತು. ನೂರು ಕೂರಿಗೆ ಹೊಲದ ಆದಾಯಕ್ಕೆ ಕಟ್ಟಿದ ಮಾಳಿಗೆಯನ್ನು ಅಪ್ಪ ಮಾಸ್ತರಿಕೆಯ ಸಂಬಳದಲ್ಲಿ ಕಾಯುತ್ತಿದ್ದರು. ಹಾಗಾಗಿ ಯಾರೋ ಬಂದು ಮದುವೆಗೆ ಮನೆ ಕೊಡಿ ಎಂದಾಗ ಒಪ್ಪಿದರು. ಮೂರು ಮದುವೆಗೆ ಕೊಟ್ಟೆವು. ನಾಲ್ಕನೆಯವರು ಬರುವ ಹೊತ್ತಿಗೆ ಅಪ್ಪ ಹೆಬ್ಬಾಗಿಲಿಗೆ ಅಗಳಿ ಹಾಕಿದ್ದರು.

ಕಾರಣ ಹೇಳುತ್ತೇನೆ. ಮಣ್ಣಿನ ಮಾಳಿಗೆ ಎಂದರೆ ಜಂತಿಯ ಮೇಲೆ ಚಿಲಿಕೆ (ಸಣ್ಣ ಕಟ್ಟಿಗೆಯ ತುಂಡುಗಳು), ಅದರ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಕರ್ಲು. ನೀರು ಬಿದ್ದ ಕೂಡಲೇ ಅಂಟಂಟಾಗಿ ತನ್ನ ರಂಧ್ರವನ್ನು ತಾನೇ ಮುಚ್ಚಿಕೊಳ್ಳುವ ಸವಳು ಮಣ್ಣು ಅದು. ಪ್ರತಿ ವರ್ಷ ಮಿರ್ಗಕ್ಕೆ, ಅಂದರೆ ಜೂನ್ ಮೊದಲಿಗೆ ಕೂಡುವ ಮೃಗಶಿರಾ ಮಳೆಗೆ, ಮೊದಲು ಹೊಸ ಕರ್ಲು ಹೊದಿಸುತ್ತಾರೆ. ಈಗ ನಿಮ್ಮ ಮುಹೂರ್ತ ನೋಡಿ. ಏಪ್ರಿಲ್ ಕೊನೆ ಎಂದರೆ ಹಳೆಯ ಕರ್ಲು ವರ್ಷವಿಡೀ ಬಿಸಿಲಿಗೆ ಬಿರಿದು ನಿಂತಿರುವ ಕಾಲ, ಹೊಸದು ಇನ್ನೂ ಬಿದ್ದಿರುವುದಿಲ್ಲ. ಅಶ್ವಿನಿ ಮಳೆ ಹೋಗಿ ಭರಣಿ ಕೂಡುವುದೂ ಅದೇ ವಾರ. ಬಿತ್ತುವವರಿಗೆ ಆ ಮಳೆ ಚಿನ್ನ, ಹಂದರ ಹಾಕಿದವರಿಗಲ್ಲ.

ನಮ್ಮ ಮನೆಯಲ್ಲಿ ನಡೆದ ಎರಡನೆಯ ಮದುವೆಯಲ್ಲಿ ಛಾಯಾಗ್ರಾಹಕನೊಬ್ಬ ಮದುಮಗಳನ್ನೂ ಅವಳ ಗೆಳತಿಯರನ್ನೂ ಸಂಜೆ ಬೆಳಕಿಗೆಂದು ಮಾಳಿಗೆಗೆ ಹತ್ತಿಸಿದ. ಏಳೆಂಟು ಹುಡುಗಿಯರು, ಎಲ್ಲರಿಗೂ ಎತ್ತರದ ಹಿಮ್ಮಡಿಯ ಚಪ್ಪಲಿ. ನಾನು ಹಿಂದೆಯೇ ಓಡಿ ಹತ್ತಿ ನೋಡಿದರೆ ಕರ್ಲಿನ ಮೇಲೆಲ್ಲ ಕೋಳಿ ಕೆದರಿದಂತೆ ಚುಚ್ಚು ಗುರುತು. ಒಂದೊಂದೂ ಕಿರುಬೆರಳು ತೂರುವಷ್ಟು. ಕೆಳಗಿಳಿಸಿದೆ. ಅವರು ನನ್ನನ್ನು ಮನೆಗೆಲಸದವಳು ಎಂದುಕೊಂಡರು, ಇರಲಿ. ರಾತ್ರಿ ಎಂಟಕ್ಕೆ ಗುಡುಗು ಶುರುವಾಯಿತು. ಹತ್ತು ನಿಮಿಷದ ಮಳೆ, ಹೆಚ್ಚಿಲ್ಲ. ನಡುಮನೆಯಲ್ಲಿ ಮರುದಿನದ ಸುರಗಿಗೆಂದು, ಅಂದರೆ ಮದುವೆಯ ಶಾಸ್ತ್ರದ ಸ್ನಾನಕ್ಕೆಂದು, ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸಿದ್ಧ ಮಾಡಿದ್ದರು. ಮೇಲಿನಿಂದ ಚಹಾದ ಬಣ್ಣದ ನೀರು, ಒಂದೊಂದೇ ಹನಿ, ಸರಿಯಾಗಿ ಹಸಿ ನೂಲಿನ ಮೇಲೆ. ಗಂಡಿನ ಕಡೆಯ ಹಿರಿಯರೊಬ್ಬರು ಅಪಶಕುನ ಎಂದು ಎದ್ದು ನಿಂತರು. ಶಕುನವಲ್ಲ ಅಜ್ಜಾರೇ, ಚಪ್ಪಲಿ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

ಎರಡನೆಯ ಕಾರಣ ಇದಕ್ಕಿಂತ ದೊಡ್ಡದು. ಹಗೇವು. ಹಳೆಯ ವಾಡೆ ಎಂದ ಮೇಲೆ ಅಂಗಳದಲ್ಲೋ ಹೆಬ್ಬಾಗಿಲ ಮುಂದೋ ಜೋಳದ ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಕುಣಿ, ಇದ್ದೇ ಇರುತ್ತದೆ ಎಂದು ಇಟ್ಟುಕೊಳ್ಳಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಹೊಟ್ಟೆ ಬಿಂದಿಗೆಯ ಹಾಗೆ ಅಗಲ. ಬಾಯಿಗೆ ಬಂಡೆ ಮುಚ್ಚಿ ಮಣ್ಣು ಹಾಕಿದ್ದರೆ ಮೇಲಿನಿಂದ ಏನೂ ತಿಳಿಯುವುದಿಲ್ಲ. ಮೂರನೆಯ ಮದುವೆಯಲ್ಲಿ ಅಡುಗೆಯವರು ನೀರಿನ ಟ್ಯಾಂಕರನ್ನು ಹೊರ ಅಂಗಳಕ್ಕೆ ತಂದು ನಿಲ್ಲಿಸಿದರು. ಐದು ಸಾವಿರ ಲೀಟರ್ ನೀರು ಎಂದರೆ ನೀರೇ ಐದು ಟನ್. ಚಹಾ ಕುದಿಯುವಷ್ಟರಲ್ಲಿ ಹಿಂದಿನ ಒಂದು ಗಾಲಿ ಮೊಳದಷ್ಟು ಕೆಳಗೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಗಾಲಿಯ ಪಕ್ಕದಲ್ಲಿ ಆಗಷ್ಟೇ ಮೂರು ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ಅಪ್ಪ ಅಗಳಿ ಹಾಕಿದ್ದು ಅದಕ್ಕೆ.

ಹಗೇವು ಎಲ್ಲಿದೆ ಎಂದು ಪುಣೆಯವರನ್ನು ಕೇಳಬೇಡಿ. ಅವರಿಗೆ ಗೊತ್ತಿರುವುದಿಲ್ಲ. ಆ ಮನೆಯ ಅಜ್ಜಿಯನ್ನು ಕೇಳಿ. ಅಜ್ಜಿಯ ಹತ್ತಿರ ನೀವು ಮಾತನಾಡಿದಿರೋ ಇಲ್ಲವೋ?

ಇಷ್ಟು ಹೇಳಿದ್ದಕ್ಕೆ ಬೇಡ ಎನ್ನುತ್ತಿದ್ದೇನೆ ಎಂದು ತಿಳಿಯಬೇಡಿ. ನನ್ನ ಮದುವೆಯ ಅರಿಷಿಣ ಆ ಪಡಸಾಲೆಯಲ್ಲಿಯೇ ಆಯಿತು. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಎರಡು ಮೊಳ ದಪ್ಪದ ಗೋಡೆಯ ತಂಪು. ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯುವಷ್ಟರಲ್ಲಿ ಹಾಡು ಮುಗಿದಿತ್ತು. ನೂರಿಪ್ಪತ್ತು ಜನ ಇದ್ದೆವು, ಯಾರ ಬೆನ್ನೂ ಯಾರಿಗೂ ತಾಗಲಿಲ್ಲ. ಅಕ್ಷತೆ ಮಾತ್ರ ಊರ ಗುಡಿಯ ಮುಂದಿನ ಹಂದರದಲ್ಲಿ. ವಾಡೆ ಮನೆ, ಸಾರ್. ಮನೆಗೆ ಎಷ್ಟು ಜನ ಹಿಡಿಯುತ್ತಾರೋ ಅಷ್ಟು ಜನರ ಕಾರ್ಯ ಅಲ್ಲಿ ಮಾಡಿ.

ನಿವೃತ್ತ ಎಂಜಿನಿಯರ್, ಧಾರವಾಡ:

ಮೇಲಿನ ತಾಯಿ ಮಾಳಿಗೆ, ಹಗೇವು ಎರಡನ್ನೂ ಹೇಳಿದ್ದಾರೆ. ನಾನು ಮಹಡಿಯ ಬಗ್ಗೆ ಹೇಳುತ್ತೇನೆ, ಏಕೆಂದರೆ ನಿಮ್ಮ ಮಗಳ ಗೆಳತಿಯರು ಅಲ್ಲಿಗೇ ಹೋಗುತ್ತಾರೆ.

ಇಂದಿನ ಭಾರತೀಯ ಮಾನಕದಲ್ಲಿ ವಾಸದ ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹಿಡಿಯುತ್ತೇವೆ. ಆಸನಗಳನ್ನು ನೆಲಕ್ಕೆ ಜೋಡಿಸಿರದ ಸಭಾಂಗಣಕ್ಕೆ 500. ನಿಮ್ಮ ವಾಡೆಯ ಮಹಡಿ ಹನ್ನೆರಡು ಅಡಿಗೆ ಇಪ್ಪತ್ನಾಲ್ಕು ಅಡಿ ಇದೆ ಎನ್ನೋಣ, ಅಂದರೆ 27 ಚದರ ಮೀಟರ್. ತಲಾ ಅರವತ್ತು ಕಿಲೋದ ಅರವತ್ತು ಜನ ಹರಡಿ ನಿಂತರೆ ಚದರ ಮೀಟರಿಗೆ 133 ಕಿಲೋ, ಚಿಂತೆಯಿಲ್ಲ. ಆದರೆ ಬೀದಿಯಲ್ಲಿ ಮದುಮಗನ ಮೆರವಣಿಗೆಯ ಬಾಜಾ ಕೇಳಿದ ಕೂಡಲೇ ಅರವತ್ತೂ ಜನ ಕಿಟಕಿಯ ಕಡೆಗೆ ಓಡುತ್ತಾರೆ. ಮೂರನೆಯ ಒಂದು ಪಾಲು ಜಾಗಕ್ಕೆ ಎಲ್ಲರ ಭಾರ, ಅಂದರೆ 400. ಮೇಲೆ ಕುಣಿತ ಬೇರೆ. ಕಟ್ಟಿದ ಬಡಿಗನಿಗೆ ಈ ಸಂಖ್ಯೆಗಳು ಗೊತ್ತಿರಲಿಲ್ಲ, ಸಾಗವಾನಿ ಗೊತ್ತಿತ್ತು. ಅವನ ತೊಲೆ ನಡುವೆ ಮುರಿಯುವುದಿಲ್ಲ. ಗೋಡೆಯೊಳಗೆ ಹೊಕ್ಕ ತುದಿಯಲ್ಲಿ ಗೆದ್ದಲು ತಿಂದು ಕೂರುತ್ತದೆ. ಆ ತುದಿಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಗಟ್ಟಿ ಸದ್ದು ಬಂದರೆ ಸರಿ, ಡಬಡಬ ಎಂದರೆ ಮಹಡಿಯ ಮೆಟ್ಟಿಲಿಗೆ ಹಗ್ಗ ಕಟ್ಟಿ, ಸಂಬಂಧಿಕರಲ್ಲಿ ಎಲ್ಲರಿಗಿಂತ ಜಗಳಗಂಟನನ್ನು ಅಲ್ಲಿ ಕುಳ್ಳಿರಿಸಿ.

ಅಡುಗೆ ಒಲೆ, ಸಿಲಿಂಡರ್ ಹಿತ್ತಲಾಚೆಗೆ ಇರಲಿ. ಹೋಮ ಅಂಗಳದಲ್ಲಿ, ಜಂತಿಯ ಕೆಳಗೆ ಬೇಡ. ದೀಪಗಳಿಗೆ ಹಳೆಯ ವೈರಿಂಗ್ ಮುಟ್ಟದೆ ಜನರೇಟರಿನಿಂದ ಬೇರೆ ತಂತಿ ಎಳೆಸಿ. ಕಂಬಕ್ಕೆ ಮೊಳೆ ಹೊಡೆಯಲು ಬಂದ ಅಲಂಕಾರದವನನ್ನು ವಾಪಸ್ ಕಳಿಸಿ. ಹಗ್ಗ ಸುತ್ತಿ ಕಟ್ಟಲು ಬರುವವರು ಹುಬ್ಬಳ್ಳಿಯಲ್ಲಿ ಈಗಲೂ ಇದ್ದಾರೆ.

ಧ್ವನಿವರ್ಧಕ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಿಷಿದ್ಧ ಎಂಬುದು ನಿಮಗೆ ಗೊತ್ತಿರುತ್ತದೆ. ವಾಡೆಗೆ ಧ್ವನಿವರ್ಧಕವೇ ಬೇಡ ಎನ್ನುವವನು ನಾನು. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವಕ್ಕೆ ಹೋಗಿದ್ದೇನೆ. ಒಮ್ಮೆ ಕಂಬಕ್ಕೆ ಒರಗಿ ಕುಳಿತಿದ್ದೆ. ತಂಬೂರಿಯ ಷಡ್ಜ ಕಿವಿಗೆ ಬರುವ ಮೊದಲೇ ಬೆನ್ನಿಗೆ ಬಂದಿತ್ತು. ಅಂಥ ಕಟ್ಟಿಗೆಯ ಮನೆಯೊಳಗೆ ದೊಡ್ಡ ಡಬ್ಬಿ ಇಟ್ಟು ಬಡಿಸಿದರೆ ಮಾತೂ ಕೇಳದು, ಹಾಡೂ ಕೇಳದು. ಒಬ್ಬ ಶಹನಾಯಿಯವನು ಸಾಕು. ಕುರ್ಚಿಯ ಬದಲು ನವಲಗುಂದದ ಜಮಖಾನ ಹಾಸಿ, ಅದೇ ತಾಲ್ಲೂಕಿನವರಲ್ಲವೇ. ಮಂಡಿ ನೋವಿನವರಿಗೆ ಮಾತ್ರ ಹತ್ತು ಕುರ್ಚಿ.

ಗದುಗಿನ ಗಾಳಿ:

ಜಗಳಗಂಟ ಬೇಕಾದರೆ ನನ್ನ ತಮ್ಮನನ್ನು ಕಳಿಸುತ್ತೇನೆ.

ಸಪ್ತಾಪುರದ ಲೆಕ್ಕಿಗ:

ಎಲ್ಲರಿಗೂ ನಮಸ್ಕಾರ. ನಿನ್ನೆ ಮತ್ತೆ ಹೋಗಿದ್ದೆ, ಈ ಸಲ ಹೆಂಡತಿಯನ್ನೂ ಕರೆದುಕೊಂಡು.

ಕರ್ಲುಮಣ್ಣು ಅವರೇ, ಅಜ್ಜಿಯನ್ನು ಕೇಳಿದೆವು. ಅವರು ಕೋಲೂರಿಕೊಂಡು ಎದ್ದು ಹೊರ ಅಂಗಳಕ್ಕೆ ಬಂದು ಮೂರು ಜಾಗದಲ್ಲಿ ಕೋಲು ಕುಟ್ಟಿದರು. ಎರಡು ನಮ್ಮ ಕಾರು ನಿಂತಿದ್ದ ಸಾಲಿನಲ್ಲಿಯೇ ಇದ್ದವು. ಜೊತೆಗಿದ್ದ ಮಗನಿಗೆ ಒಂದೇ ಗೊತ್ತಿತ್ತು. ನಾನು ಕಾರು ತೆಗೆಯಲು ಓಡಿದೆ. ಅಷ್ಟರಲ್ಲಿ ನನ್ನ ಹೆಂಡತಿ ಅಜ್ಜಿಯ ಜೊತೆ ಒಳಗೆ ಹೋದವಳು ಒಂದೂವರೆ ಗಂಟೆ ಹೊರಗೆ ಬರಲಿಲ್ಲ. ಅಜ್ಜಿಯ ತವರೂ ಅಣ್ಣಿಗೇರಿ, ನಮ್ಮ ಮನೆಯವಳದೂ ಅಣ್ಣಿಗೇರಿ. ಇಬ್ಬರೂ ಸೇರಿ ಯಾರದೋ ಮನೆಯ ಮೂರು ತಲೆಮಾರು ಎಣಿಸಿ ಮುಗಿಸಿದ್ದರು. ಹಿಂದಿರುಗುವಾಗ ಕಾರಿನಲ್ಲಿ ಚೊಂಬಿನ ಮಾತು ಬರಲಿಲ್ಲ. "ಬೀಗರ ಹೆಣ್ಣುಮಕ್ಕಳಿಗೆ ಒಳಗಿನ ಬಚ್ಚಲು ಕೊಟ್ಟರಾಯಿತು" ಎಂದಳು, ಮದುವೆ ತನ್ನದೇ ಯೋಚನೆ ಎಂಬಂತೆ.

ತೊಲೆಯ ತುದಿಗಳನ್ನು ಬಡಿದೆ. ಏಳರಲ್ಲಿ ಎರಡು ಡಬಡಬ ಎಂದವು. ಮಹಡಿಗೆ ಹಗ್ಗ.

ತೀರ್ಮಾನ ಹೀಗಾಗಿದೆ. ದೇವರ ಕಾರ್ಯ, ಅರಿಷಿಣ, ಸುರಗಿ ವಾಡೆಯಲ್ಲಿ, ನೂರಿಪ್ಪತ್ತು ಜನ, ಒಂದೇ ದಿನ. ಮರುದಿನ ಅಕ್ಷತೆ ಮತ್ತು ಊಟ ಹುಬ್ಬಳ್ಳಿಯ ಕಲ್ಯಾಣ ಮಂಟಪದಲ್ಲಿ. ಮಗಳು ಮೊದಲು ಮುಖ ಸಣ್ಣದು ಮಾಡಿದಳು, ಬೆಳಕಿಂಡಿಯ ವಿಷಯ ಓದಿ ಹೇಳಿದ ಮೇಲೆ ಒಪ್ಪಿದಳು. ಎರಡು ಕಡೆಯ ಬಾಡಿಗೆ ಕೂಡಿಸಿದರೆ ಖರ್ಚು ಹೆಚ್ಚೇ ಆಗುತ್ತದೆ. ಆದರೆ ಆರುನೂರು ಜನರಿಗೆ ವಾಡೆಯಲ್ಲಿ ನೀರು, ಹಂದರ, ಪಾತ್ರೆ, ಶೌಚಾಲಯ ಎಂದು ಬರೆಯುತ್ತಾ ಹೋದಾಗ ಬಂದ ಮೊತ್ತಕ್ಕಿಂತ ಕಡಿಮೆ.

ಕರಾರು ಪತ್ರವನ್ನು ನಾನೇ ಬರೆದೆ. ಮಾಳಿಗೆ ಹತ್ತುವಂತಿಲ್ಲ, ಮೊಳೆ ಇಲ್ಲ, ಟ್ಯಾಂಕರ್ ಮತ್ತು ವಾಹನಗಳು ಊರ ಬಾವಿಯ ಪಕ್ಕದ ಬೇವಿನ ಮರದ ಹತ್ತಿರ. ಹಳೆಯ ಕರ್ಲು ಬಿರಿದಿದ್ದರೆ ಮುಹೂರ್ತಕ್ಕೆ ಎರಡು ವಾರ ಮೊದಲೇ ಹೊಸದು ಹೊದಿಸಬೇಕು, ಅದರ ಖರ್ಚು ಬಾಡಿಗೆಯಲ್ಲಿ ಮುರಿಯತಕ್ಕದ್ದಲ್ಲ, ನಮ್ಮದೇ. ಪುಣೆಯವರು ಈ ಕೊನೆಯ ಸಾಲನ್ನು ಎರಡು ಸಲ ಓದಿಸಿಕೊಂಡರು.

ಈಗ ಎರಡು ಪ್ರಶ್ನೆ ಉಳಿದಿವೆ. ನವಲಗುಂದದವರೆಗೆ ಸಂಚಾರಿ ಶೌಚಾಲಯ ತಂದು ನಿಲ್ಲಿಸುವವರು ಯಾರಾದರೂ ಗೊತ್ತೇ? ಒಂದು ಟ್ರ್ಯಾಕ್ಟರ್ ಕರ್ಲು ಎಷ್ಟು ಅಂಕಣಕ್ಕೆ (ಕಂಬಗಳ ನಡುವಿನ ಜಾಗಕ್ಕೆ) ಸಾಕಾಗುತ್ತದೆ?

ಕರ್ಲುಮಣ್ಣು:

ಅಂಕಣದ ಲೆಕ್ಕ ಕೇಳಬೇಡಿ, ಎರಡು ಟ್ರ್ಯಾಕ್ಟರ್ ತರಿಸಿ. ಉಳಿದದ್ದನ್ನು ಹಿತ್ತಲಲ್ಲಿ ರಾಶಿ ಹಾಕಿಸಿ ಹೋಗಿ, ಅಜ್ಜಿ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾರೆ.