ಪದಚರ್ಚೆ: ‘ಆಕ್ಸೆಸ್ ಪಾಯಿಂಟ್’, ‘ಕಂಟ್ರೋಲರ್’ – ಡಬ್ಬಿಗೆ ಅಂಟಿಸುವ ಚೀಟಿಗೆ ಪದ ಬೇಕು, ನಾಳೆ ಸಂಜೆಯೊಳಗೆ

ಐರೋಲಿ, ನವಿ ಮುಂಬಯಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನಿಯ ಗೋದಾಮುಗಳು ವಾಸ್ಕೋ, ವೆರ್ಣಾ ಮತ್ತು ಪುಣೆ ಹತ್ತಿರದ ಚಾಕಣದಲ್ಲಿವೆ. ಅಲ್ಲಿನ ವೈಫೈ ಆಕ್ಸೆಸ್ ಪಾಯಿಂಟುಗಳನ್ನೆಲ್ಲ, ಅಂದರೆ ಮೊಬೈಲು, ಸ್ಕ್ಯಾನರುಗಳಿಗೆ ವೈಫೈ ಕೊಡುವ ಡಬ್ಬಿಗಳನ್ನೆಲ್ಲ, ಐರೋಲಿಯಲ್ಲಿ ಕೂತ ಒಂದೇ ಕಂಟ್ರೋಲರಿನಿಂದ ನೋಡಿಕೊಳ್ಳುತ್ತೇವೆ. ನೆಟ್‌ವರ್ಕಿನ ಹೆಸರು, ಚಾನೆಲ್ಲು, ಸಿಗ್ನಲ್ಲಿನ ಬಲ, ಹೊಸ ಸಾಫ್ಟ್‌ವೇರ್ ಎಲ್ಲ ಇಲ್ಲಿಂದಲೇ ಹೋಗುತ್ತದೆ. ಅಲ್ಲಿರುವುದು ಗೋಡೆಯ ಮೇಲಿನ ಡಬ್ಬಿ ಮಾತ್ರ.

ಗೋವೆಯ ಎರಡೂ ಕಡೆ ಕಾವಲು ಮತ್ತು ಕರೆಂಟಿನ ಕೆಲಸ ನೋಡುವವರಲ್ಲಿ ಹೆಚ್ಚಿನವರು ಬಾಗಲಕೋಟೆ, ಗದಗ, ವಿಜಯಪುರ ಕಡೆಯವರು. ಕೊಂಕಣಿ, ಹಿಂದಿ ಚೆನ್ನಾಗಿ ಮಾತಾಡುತ್ತಾರೆ, ಓದುವುದು ಮಾತ್ರ ಕನ್ನಡ. ಮಳೆಗಾಲದಲ್ಲಿ ಗೋದಾಮನ್ನು ಮುಂಬಯಿಗೆ ಜೋಡಿಸುವ ನೆಟ್‌ವರ್ಕ್ ಲೈನ್ ಕಡಿದ ಕೂಡಲೇ ಡಬ್ಬಿಯ ದೀಪದ ಬಣ್ಣ ಬದಲಾಗುತ್ತದೆ. ಅವರು ಕೇಬಲ್ ಕಿತ್ತು ಮತ್ತೆ ಹಾಕುತ್ತಾರೆ. ಡಬ್ಬಿಗೆ ಬೇರೆ ಕರೆಂಟಿನ ವಯರಿಲ್ಲ, ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟೂ ಬರುತ್ತದೆ. ಹಾಗಾಗಿ ಕಿತ್ತರೆ ಡಬ್ಬಿ ಪೂರ್ತಿ ಆರಿಹೋಗುತ್ತದೆ. ಅಷ್ಟು ಹೊತ್ತಿಗೆ ಅನಾಹುತ ಆಗಿಬಿಟ್ಟಿರುತ್ತದೆ, ಯಾಕೆಂದು ಆಮೇಲೆ ಹೇಳುತ್ತೇನೆ.

ನಾನು ಬರೆದ ಕರಡು ಇದು: “ಇದು ನಿಸ್ತಂತು ಪ್ರವೇಶ ಬಿಂದು. ಕೇಂದ್ರ ನಿಯಂತ್ರಕದ ನಿಯಂತ್ರಣ ತಪ್ಪಿದಾಗ ದೀಪದ ಬಣ್ಣ ಬದಲಾಗುತ್ತದೆ.” ಮನಸ್ಸಿಗೆ ಹಿಡಿಸುತ್ತಿಲ್ಲ. ದಯವಿಟ್ಟು ಬೇಗ ತಿದ್ದಿಕೊಡಿ.

ಡೊಂಬಿವಲಿಯಿಂದ, ನಿವೃತ್ತ ಕನ್ನಡ ಅಧ್ಯಾಪಕರು:

ಹಿಡಿಸದಿರಲು ಕಾರಣವಿಲ್ಲ. ‘ನಿಸ್ತಂತು’ ನಿರ್ದುಷ್ಟ ರೂಪ. ಪತ್ರಿಕೆಗಳು ಬರೆಯುವ ‘ತಂತಿರಹಿತ’ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆರೆಸಿ ಕಟ್ಟಿದ ದೋಷದ ಸಮಾಸ, ಅದನ್ನು ಬಳಸದೆ ಇದ್ದದ್ದಕ್ಕೆ ಅಭಿನಂದನೆ. ‘ಪ್ರವೇಶಬಿಂದು’ ಸಮಸ್ತಪದ, ಒಟ್ಟಿಗೇ ಬರೆಯಿರಿ. ಚರ್ಚೆ ಇಲ್ಲಿಗೆ ಮುಗಿಯಬಹುದು.

ಪುಣೆ, ಕೋಥ್ರೂಡದಿಂದ:

ಮುಗಿಯೂದಿಲ್ರಿ ಸರ್. ಗೋದಾಮಿನ ಗೋಡೆ ಮ್ಯಾಲೆ ‘ಪ್ರವೇಶ’ ಅಂತ ಬರದ್ರ ಜನ ಬಾಗಲಾ ಹುಡಕ್ತಾರ. ಇಲ್ಲಿ ಎಸ್‌ಟಿ ಸ್ಟ್ಯಾಂಡಿನಾಗ, ಆಸ್ಪತ್ರಿಯಾಗ ‘ಪ್ರವೇಶ’ ಅಂದ್ರ ಒಳಗ ಹೋಗೋ ದಾರಿ, ಮರಾಠಿಯೊಳಗೂ ಅದ, ಕನ್ನಡದೊಳಗೂ ಅದ. ಅಕ್ಷರಶಃ ಸರಿ ಇರಬಹುದು, ಫಲಕಕ್ಕ ಸರಿ ಅಲ್ಲ.

ಅದಕ್ಕಿಂತ ಕೆಟ್ಟದ್ದು ‘ನಿಯಂತ್ರಣ ತಪ್ಪಿದಾಗ’. ಈ ಮಾತು ನಾವು ಓದೂದು ಎಲ್ಲಿ? “ಚಾಲಕನ ನಿಯಂತ್ರಣ ತಪ್ಪಿ ಬಸ್ಸು ಪಲ್ಟಿ.” ಕನ್ನಡ ಪೇಪರ್ ಓದೋ ಮನಷ್ಯಾಗ ಇದು ಅಪಘಾತದ ಸುದ್ದಿ. ಅವಾ ಕೇಬಲ್ ಕೀಳದ ಏನ್ ಮಾಡ್ಯಾನು? ನಿಮ್ಮ ಚೀಟಿನೇ ಅವನ ಕೈಲೆ ಕೀಳಸ್ತದ.

ಠಾಣೆಯಿಂದ:

ಸಂಸ್ಕ್ರುತದ ಹೊರೆಯಿಲ್ಲದೆ ಒಂದು ಚೀಟಿಯನ್ನೂ ಬರೆಯಲಾರೆವೇ? ಆಕ್ಸೆಸ್ ಪಾಯಿಂಟಿಗೆ ‘ಸೇರುತಾಣ’. ಮೊಬೈಲು, ಸ್ಕ್ಯಾನರು ಬಂದು ಸೇರುವ ತಾಣ. ಕಂಟ್ರೋಲರಿಗೆ ‘ಹತೋಟಿಗ’. ಎರಡೂ ಅಚ್ಚಗನ್ನಡ, ಯಾರಿಗೂ ತಿಳಿಯುತ್ತವೆ. ನಿಸ್ತಂತು ಎಂಬುದನ್ನು ಬಾಗಲಕೋಟೆಯ ಕೂಲಿಯವನು ಎಂದಾದರೂ ಬಾಯಲ್ಲಿ ಆಡಿದ್ದಾನೆಯೇ?

ಡೊಂಬಿವಲಿಯಿಂದ:

ಮೊದಲು ಋಕಾರ ಬರೆಯುವುದನ್ನು ಕಲಿಯಿರಿ. ‘ತಾಣ’ ಸಂಸ್ಕೃತದ ‘ಸ್ಥಾನ’ದ ತದ್ಭವ. ನೀವು ಕೂತಿರುವ ಊರಿನ ಹೆಸರಿನ ಹಿಂದೆಯೂ ಅದೇ ಮಾತಿದೆ, ಅದು ಹಿಂದೆ ಶ್ರೀಸ್ಥಾನಕ. ‘ಹತೋಟಿ’ ಮರಾಠಿಯ ‘ಹಾತೋಟಿ’, ಅಲ್ಲಿ ಅದರ ಅರ್ಥ ಕೈಚಳಕ. ನಿಮ್ಮ ಎರಡು ಅಚ್ಚಗನ್ನಡಗಳಲ್ಲಿ ಅಚ್ಚಗನ್ನಡ ಯಾವುದು?

ಠಾಣೆಯಿಂದ:

ನಿಮ್ಮ ‘ಕೇಂದ್ರ’ ಯಾವುದು ಹೇಳಿ. ಗ್ರೀಕರ ಕೆಂಟ್ರಾನ್ ಜ್ಯೋತಿಷ್ಯದ ಜೊತೆ ಬಂದು ಸಂಸ್ಕ್ರುತ ಆಯಿತು, ಅಲ್ಲಿಂದ ಕನ್ನಡ ಆಯಿತು. ಅದನ್ನು ಯಾರೂ ಕೇಳುವುದಿಲ್ಲ. ಕನ್ನಡದವನ ಬಾಯಲ್ಲಿ ಸವೆದು ಅರ‍್ತವನ್ನೇ ಬದಲಿಸಿಕೊಂಡ ‘ಹತೋಟಿ’ಗೆ ಮಾತ್ರ ಗುರುತಿನ ಚೀಟಿ ಬೇಕೆ? ಕೈಚಳಕ ಇಲ್ಲಿಗೆ ಬಂದು ಹಿಡಿತ ಆಗಿದೆ, ಅದು ಕನ್ನಡವೇ. ಮರಾಟಿಯವರು ನಮ್ಮ ತುಪ್ಪವನ್ನು ತೂಪ ಮಾಡಿಕೊಂಡು ಉಣ್ಣುವಾಗ ಬೇರು ಕೆದಕಲಿಲ್ಲ.

ಡೊಂಬಿವಲಿಯಿಂದ:

ಸವೆದ ಪದ ಬೇರೆ, ನಿನ್ನೆ ಮನೆಯಲ್ಲಿ ಕೂತು ಕಟ್ಟಿದ ‘ಹತೋಟಿಗ’ ಬೇರೆ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದನ್ನು ಯಾರೂ ಆಡುವುದಿಲ್ಲ.

ಕೋಥ್ರೂಡದಿಂದ:

‘ನಿಸ್ತಂತು’ನೂ ಯಾರೋ ಕೂತು ಕಟ್ಟಿದ್ದೇ ಅಲ್ಲೇನ್ರಿ ಸರ್? ಮತ್ತ ಅರಿಸಮಾಸದ ಮಾತು ಬಂತು ಅಂತ ಹೇಳ್ತೀನಿ, ಶಬ್ದಮಣಿದರ್ಪಣ ಅನ್ನೋ ಹಳೇ ವ್ಯಾಕರಣ ಬರದ ಕೇಶಿರಾಜನೇ ಬಿರುದಾವಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕ ಬಾಗಲಾ ತಗದಿಟ್ಟಾನ. ಗಮಕ, ಕ್ರಿಯಾ ಸಮಾಸಕ್ಕ ಆ ದೋಷನೇ ಇಲ್ಲ. ಏಳ್ನೂರು ವರ್ಷದ ಮ್ಯಾಲೆ ನಾವು ಅವನಿಗಿಂತ ಬಿಗಿ ಆಗಬೇಕೇನು?

ಇರಲಿ. ಐರೋಲಿಯವರನ್ನ ಒಂದು ಕೇಳ್ತೀನಿ. ಎಲ್ಲಾ ಮುಂಬಯಿಯಿಂದನ ನಡೀತದ ಅಂದ್ರ, ಲೈನ್ ಹೋದ ಕೂಡಲೆ ಎಲ್ಲಾ ನಿಲ್ಲಬೇಕಲ್ಲ? ಅದು ತಿಳಿದ್ರ ಪದಾನೂ ಸಿಗ್ತದ.

ಐರೋಲಿಯಿಂದ:

ಸರಿಯಾದ ಪ್ರಶ್ನೆ, ಮೇಡಂ. ಆಕ್ಸೆಸ್ ಪಾಯಿಂಟಿಗೂ ಕಂಟ್ರೋಲರಿಗೂ ನಡುವೆ ಎರಡು ಬೇರೆ ಬೇರೆ ಹರಿವುಗಳಿವೆ. ಇದಕ್ಕೆ ಕ್ಯಾಪ್‌ವ್ಯಾಪ್ ಎಂಬ ಪ್ರೋಟೊಕಾಲ್ (ಯಂತ್ರಗಳು ಮಾತಾಡಿಕೊಳ್ಳುವ ನಿಯಮಾವಳಿ) ಇದೆ, 2009ರಲ್ಲಿ ಪ್ರಕಟವಾದದ್ದು. ಅದರಲ್ಲಿ ಆಜ್ಞೆಗಳು ಹೋಗುವುದು 5246ನೇ ಪೋರ್ಟಿನಲ್ಲಿ (ನಂಬರಿಟ್ಟ ದಾರಿ ಎನ್ನಿ), ಬಳಸುವವರ ಡೇಟಾ ಹೋಗುವುದು 5247ರಲ್ಲಿ. ಆಜ್ಞೆ ಮುಂಬಯಿಯಿಂದಲೇ ಬರಬೇಕು. ಡೇಟಾ ಮುಂಬಯಿಗೆ ಬಂದು ಹೋಗಲೇಬೇಕೆಂದಿಲ್ಲ. ನಾವು ಅದನ್ನು ಗೋದಾಮಿನ ಸ್ವಿಚ್ಚಿನಲ್ಲೇ, ಅಂದರೆ ಅಲ್ಲಿನ ನೆಟ್‌ವರ್ಕ್ ಕೇಬಲ್ಲುಗಳೆಲ್ಲ ಬಂದು ಸೇರುವ ಯಂತ್ರದಲ್ಲೇ, ಇಳಿಸಿದ್ದೇವೆ. ವಾಸ್ಕೋದ ಸ್ಕ್ಯಾನರ್ ವಾಸ್ಕೋದ ಸರ್ವರಿಗೆ ಮಾತಾಡುವುದಕ್ಕೆ ಐರೋಲಿವರೆಗೆ ಬಂದು ತಿರುಗುವುದರಲ್ಲಿ ಅರ್ಥವೂ ಇಲ್ಲ.

ಆದ್ದರಿಂದ ಲೈನ್ ಹೋದರೆ ನಾನು ಇಲ್ಲಿಂದ ಚಾನೆಲ್ ಬದಲಿಸಲಾರೆ, ಯಾವ ಡಬ್ಬಿಗೆ ಎಷ್ಟು ಜನ ಸೇರಿದ್ದಾರೆಂದು ನೋಡಲಾರೆ. ಆದರೆ ಆಗಲೇ ಸೇರಿಕೊಂಡಿರುವ ಸ್ಕ್ಯಾನರುಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತವೆ. ತೊಂದರೆ ಹೊಸದಾಗಿ ಸೇರುವವಕ್ಕೆ. ಯಾರನ್ನು ಒಳಗೆ ಬಿಡಬೇಕೆಂದು ಹೇಳುವ ಸರ್ವರ್ ಇರುವುದು ಮುಂಬಯಿಯಲ್ಲಿ. ಕೇಬಲ್ ಕಿತ್ತು ಹಾಕಿದರೆ ಅಷ್ಟೂ ಸ್ಕ್ಯಾನರುಗಳು ಹೊರಗೆ ಬೀಳುತ್ತವೆ. ಡಬ್ಬಿ ಎದ್ದರೂ ಕೇಳುವುದಕ್ಕೆ ಮುಂಬಯಿ ಸಿಗುವುದಿಲ್ಲ, ಒಂದೂ ಒಳಗೆ ಬರಲಾಗುವುದಿಲ್ಲ. ಲಾರಿಗಳು ಗೇಟಿನಲ್ಲಿ ಸಾಲು ನಿಲ್ಲುತ್ತವೆ. ಮುಟ್ಟದೆ ಬಿಟ್ಟಿದ್ದರೆ ಗೋದಾಮಿನವರಿಗೆ ಲೈನ್ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ನನಗೆ ಬೇಕಾದದ್ದು ಈ ವ್ಯತ್ಯಾಸ ಹೇಳುವ ಮಾತು.

ಡೊಂಬಿವಲಿಯಿಂದ:

ಹಾಗಿದ್ದರೆ ‘ನಿಯಂತ್ರಣ ತಪ್ಪಿದೆ’ ಎಂಬುದು ತಪ್ಪೇ. ‘ಸಂಪರ್ಕ ಕಡಿದಿದೆ’ ಎನ್ನಿ. ಉಳಿದ ಪದಗಳಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ವಾಸ್ಕೋ, ಬೈನಾದಿಂದ:

ನಮಸ್ಕಾರ್ರಿ ಎಲ್ಲಾ ಹಿರಿಯರಿಗೆ. ನಾ ಇಲೆಕ್ಟ್ರಿಶಿಯನ್, ಊರು ಬಾದಾಮಿ ತಾಲೂಕ. ಇಂಥಾ ಡಬ್ಬಿ ಹಾಕೋ ಕೆಲಸಾನೂ ಮಾಡ್ತೀನ್ರಿ.

ಆಕ್ಸೆಸ್ ಪಾಯಿಂಟಿಗೆ ನಾವು ಎಪಿ ಅಂತೀವಿ. ಎಪಿ ಗೊತ್ತಿಲ್ದವ್ರು ವೈಫೈ ಡಬ್ಬಿ ಅಂತಾರ. ಸೇರುತಾಣ ನಾ ಕೇಳಿಲ್ರಿ. ನಿಸ್ತಂತು ಅಂದ್ರೂ ತಿಳಿಯಂಗಿಲ್ಲ, ತಂತಿ ಇಲ್ದದ್ದು ಅಂತ ಬಿಡಿಸಿ ಬರದ್ರಂತೂ ಇನ್ನ ಕೆಡತೈತಿ. ಡಬ್ಬಿ ಹಿಂದ ಕೇಬಲ್ ಕಣ್ಣಿಗೆ ಕಾಣ್ತೈತ್ರಿ. “ತಂತಿ ಬ್ಯಾಡಂತ ಬರದಾರ, ಇದ್ಯಾಕ ಐತಿ?” ಅಂತ ಹೊಸಾ ಹುಡುಗ ಅದನ್ನೇ ಕೀಳ್ತಾನ.

ಕಂಟ್ರೋಲರ್ ಅಂತನ ಇಡ್ರಿ. ನಮ್ಮ ಕಡೆ ಬಸ್‌ಸ್ಟ್ಯಾಂಡಿನಾಗ ಕಂಟ್ರೋಲರ್ ಇರ್ತಾರಲ್ಲ, ಫಲಕದ ಮ್ಯಾಲೆ ಸಂಚಾರ ನಿಯಂತ್ರಕರು ಅಂತ ಬರದಿರ್ತಾರ, ಕರಿಯೂದು ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕ ಬಿಡಬೇಕು ಅಂತ ಅವರು ಹೇಳ್ತಾರ, ಬಸ್ಸು ಓಡಿಸೋದು ಡ್ರೈವರ್ರು. ಕಂಟ್ರೋಲರ್ ಊಟಕ್ಕ ಹೋದ್ರ ದಾರ್ಯಾಗಿನ ಬಸ್ಸು ನಿಲ್ಲಂಗಿಲ್ಲ. ಐರೋಲಿ ಸರ್ ಹೇಳೋದೂ ಇದನ್ನ ಅಂತ ತಿಳಕೊಂಡೀನಿ.

ಠಾಣೆಯಿಂದ:

ವೈಫೈ, ಕಂಟ್ರೋಲರ್, ಕೇಬಲ್. ಇಂದು ಚೀಟಿಗೆ ಇಂಗ್ಲಿಶ್, ನಾಳೆ ಪಾಟದ ಹೊತ್ತಗೆಗೆ ಇಂಗ್ಲಿಶ್. ಕನ್ನಡದಲ್ಲಿ ಒರೆ (ಪದ) ಕಟ್ಟುವ ಕಸುವನ್ನು ನಾವೇ ಕೊಲ್ಲುತ್ತಿದ್ದೇವೆ. ಬಳಸಿದರೆ ತಾನೇ ಬಳಕೆ ಆಗುವುದು?

ಐರೋಲಿಯಿಂದ:

ಅಣ್ಣಾ, ನಿಮ್ಮ ಕಾಳಜಿ ನನಗೂ ಇದೆ. ಮೇಲ್ವಿಚಾರಕರ ಕೈಪಿಡಿ ಕನ್ನಡದಲ್ಲಿ ಬರೆಯುವಾಗ ‘ಸೇರುತಾಣ’ವನ್ನು ವಿವರಣೆಯೊಂದಿಗೆ ಹಾಕುತ್ತೇನೆ, ಅಲ್ಲಿ ಓದುವುದಕ್ಕೆ ಪುರುಸೊತ್ತಿರುತ್ತದೆ, ಪದ ಚೆನ್ನಾಗಿದೆ ಕೂಡ. ಏಣಿ ಹತ್ತಿ ಕೇಬಲ್ಲಿಗೆ ಕೈ ಹಾಕಿದವನಿಗೆ ಹೊಸ ಪದ ಕಲಿಸುವ ಹೊತ್ತಲ್ಲ ಅದು. ಅವನಿಗೆ ಗೊತ್ತಿರುವ ಮಾತೇ ಬೇಕು.

ಪ್ರೆಸ್ಸಿಗೆ ಹೋಗುತ್ತಿರುವುದು ಇದು:

“ವೈಫೈ ಡಬ್ಬಿ. ಕೇಬಲ್ ಕೀಳಬೇಡಿ.
ದೀಪದ ಬಣ್ಣ ಬದಲಾಗಿದ್ದರೆ ಮುಂಬಯಿ ಕಂಟ್ರೋಲರ್ ಜೊತೆ ಸಂಪರ್ಕ ಕಡಿದಿದೆ.
ಡಬ್ಬಿ ಕೆಟ್ಟಿಲ್ಲ, ಕೆಲಸ ನಡೆಯುತ್ತಿದೆ. ಕೆಳಗಿನ ನಂಬರಿಗೆ ಫೋನ್ ಮಾಡಿ.”

ಡೊಂಬಿವಲಿಯಿಂದ:

‘ಡಬ್ಬಿ’ ಗ್ರಾಮ್ಯ. ‘ಪೆಟ್ಟಿಗೆ’ ಇದೆಯಲ್ಲ?

ಕೋಥ್ರೂಡದಿಂದ:

ಪೆಟ್ಟಿಗಿ ಅಂದ್ರ ಟ್ರಂಕ್ರಿ ಸರ್. ಅಂಗೈಯಗಲದ್ದು ಡಬ್ಬಿನೇ.

ವಾಸ್ಕೋದಿಂದ:

‘ಕೇಬಲ್ ಕೀಳಬೇಡಿ’ ಅನ್ನೋದನ್ನ ಎಲ್ಲಾದಕ್ಕಿಂತ ದೊಡ್ಡದ ಮಾಡಿ, ಕೆಂಪ್ ಅಕ್ಷರದಾಗ ಹಾಕ್ರಿ. ಚೀಟಿ ಡಬ್ಬಿ ಮ್ಯಾಲೆ ಅಷ್ಟ ಬ್ಯಾಡ, ಕೆಳಗ ಸ್ವಿಚ್ ಇರೋ ಕಪಾಟಿನ ಬಾಗಲಕ್ಕೂ ಒಂದು ಅಂಟಸ್ರಿ. ನಮ್ಮ ಹುಡುಗ್ರು ಏಣಿ ಸಿಗಲಿಲ್ಲಂದ್ರ ಅಲ್ಲೇ ಕೀಳ್ತಾರ.