ಸಹಾಯ ಬೇಕು: ಜೀರಿಗೆ ನೀರಿಗೆ ಯಾವ ಕೆಟಲ್?

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ. ಮನೆಯಲ್ಲಿ ಕುಡಿಯೋದು ಜೀರಿಗೆ ಹಾಕಿ ಕುದಿಸಿದ ನೀರೇ. ಗ್ಯಾಸ್ ಉಳಿಯಲಿ ಅಂತ ಒಂದೂವರೆ ಲೀಟರಿನ, 1500 ವಾಟಿನ ಕೆಟಲ್ ತಂದೆ. ಬೆಳಿಗ್ಗೆ 6 ನಿಮಿಷಕ್ಕೆ ಕುದಿಯುತ್ತದೆ. ಸಂಜೆ ವೋಲ್ಟೇಜ್ 170ಕ್ಕೆ ಇಳಿದರೆ ಶಕ್ತಿ ಹತ್ತಿರ ಹತ್ತಿರ ಅರ್ಧ, 11 ನಿಮಿಷ ಬೇಕು. ಅದಾದರೂ ಪರವಾಗಿಲ್ಲ.

ತೊಂದರೆ ಜೀರಿಗೆಯದ್ದು. ಅಮ್ಮ ಕೆಟಲಿಗೇ ಹಾಕಿಬಿಟ್ಟರು. ಮೂತಿಯ ಜಾಲರಿಯಲ್ಲಿ ಕಾಳು ಸಿಕ್ಕಿಕೊಂಡಿದೆ, ತಳ ಕಂದು, ಈಗ ಚಾಕ್ಕೂ ಜೀರಿಗೆ ವಾಸನೆ! ಕುದಿದ ನೀರನ್ನು ಫ್ಲಾಸ್ಕಿಗೆ ಹೊಯ್ದು ಜೀರಿಗೆ ಹಾಕಿ ನೋಡಿದೆ. "ಇದಕ್ಕೆ ರುಚಿಯೇ ಇಲ್ಲ ಮಾರಾಯ" ಅಂದರು. ಪಕ್ಕದ ಮನೆಯ ಇಂಡಕ್ಷನ್ ಒಲೆ ತಂದೆ, ಸಂಜೆ ಕುಂಯ್ ಕುಂಯ್ ಅಂತ ಕೂಗಿ ನಿಂತೇ ಹೋಗುತ್ತದೆ.

ಅಗಲ ಬಾಯಿಯ ಸ್ಟೀಲ್ ಮಲ್ಟಿ ಕೆಟಲ್‌ನಲ್ಲಿ ದಿನಾ ಜೀರಿಗೆ ಕುದಿಸುವವರು ಇದ್ದೀರಾ? ಕಡಿಮೆ ವೋಲ್ಟೇಜಿನಲ್ಲೂ ನಡೆಯುತ್ತದಾ, ತಳ ಕೈಹಾಕಿ ತಿಕ್ಕಲು ಬರುತ್ತದಾ?