ವಿಚಿತ್ರವೂ ವಿನೋದವೂ ಆದ ಚದುರಂಗದಾಟಗಳ ಸಂಗ್ರಹಕ್ಕೆ ಯಾವುದನ್ನು ಆರಿಸಬೇಕು?

ಪ್ರಶ್ನೆ: ಕಾಲಾಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕ್ ಸೇವೆಯಿಂದ ನಿವೃತ್ತನಾಗಿ ಇಲ್ಲಿನ ವಿದ್ಯಾನಗರದಲ್ಲಿ ನೆಲೆಸಿದ್ದೇನೆ. ನೌಕರಿಯ ಕಾಲದಲ್ಲಿ ಬಿಡುವಾದಾಗಲೆಲ್ಲ ಪಂದ್ಯಾವಳಿಗಳಲ್ಲಿ ಹವ್ಯಾಸಿಯಾಗಿ ಆಡುತ್ತಿದ್ದೆ. ಈಗ ರೇಟಿಂಗ್ ಏರಿಸಿಕೊಳ್ಳುವ ಹಂಬಲವಾಗಲಿ, ಸಿಸಿಲಿಯನ್ ಡಿಫೆನ್ಸ್ ಎಂಬ ಆರಂಭದ ಉದ್ದುದ್ದ ನಡೆಸಾಲುಗಳನ್ನು ಕಂಠಪಾಠ ಮಾಡುವ ಆಸೆಯಾಗಲಿ ಉಳಿದಿಲ್ಲ. ಆಟದ ಮೇಲಿನ ಪ್ರೀತಿ ಮಾತ್ರ ಕುಂದಿಲ್ಲ. ಅದು ವಿಚಿತ್ರವಾದ ಆಟಗಳ ಕಡೆಗೆ, ಅಂದರೆ ನೋಡಿದ ಕೂಡಲೇ ‘ಹೀಗೂ ಆಗುವುದುಂಟೇ?’ ಎಂದು ನಗು ಬರಿಸಿ, ಆಮೇಲೆ ಗಂಟೆಗಟ್ಟಲೆ ಯೋಚಿಸುವಂತೆ ಮಾಡುವ ಆಟಗಳ ಕಡೆಗೆ ಹರಿದಿದೆ. ಅಂಥವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಸಂಜೆ ಮನೆಗೆ ಬರುವ ಗೆಳೆಯರಿಗೆ ಮಣೆಯ ಮೇಲೆ ತೋರಿಸುತ್ತೇನೆ.

ಸದ್ಯಕ್ಕೆ ನನ್ನ ಸಂಗ್ರಹದ ಮೊದಲ ಪುಟದಲ್ಲಿರುವುದು 1912ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಸ್ಕರ್ ಮತ್ತು ಜಾರ್ಜ್ ಥಾಮಸ್ ಆಡಿದ ಆಟ. 11ನೇ ನಡೆಯಲ್ಲಿ, ಬಿಳಿ ಕಾಯಿಗಳಿಂದ ಆಡುತ್ತಿದ್ದ ಲಾಸ್ಕರ್ ತನ್ನ ಮಂತ್ರಿಯನ್ನು ಎಚ್7ರಲ್ಲಿ (ಎಚ್ ಕಂಬದ 7ನೇ ಅಡ್ಡಸಾಲಿನ ಮನೆ) ಬಲಿ ಕೊಟ್ಟರು. ಅಲ್ಲಿಂದ ಕಪ್ಪು ರಾಜ ಪ್ರತಿ ಹೆಜ್ಜೆಗೂ ಚೆಕ್ (ರಾಜನ ಮೇಲಿನ ನೇರ ದಾಳಿ) ತಿನ್ನುತ್ತ, ಎಚ್7, ಎಚ್6, ಜಿ5, ಎಫ್4, ಎಫ್3, ಜಿ2 ಮನೆಗಳನ್ನು ದಾಟಿ, ಎದುರಾಳಿಯ ಮೊದಲ ಸಾಲಿನ ಜಿ1ರವರೆಗೆ ನಡೆದುಹೋಯಿತು. ಕೊನೆಗೆ ಬಿಳಿಯ ರಾಜ ಡಿ2ಕ್ಕೆ ಸರಿದು, ಹಿಂದಿದ್ದ ಆನೆಗೆ ದಾರಿ ಬಿಟ್ಟಾಗ ಮೇಟ್, ಅಂದರೆ ತಪ್ಪಿಸಿಕೊಳ್ಳಲಾಗದ ಚೆಕ್, ಆಯಿತು. ಎರಡನೆಯದು ವಿಶ್ವನಾಥನ್ ಆನಂದ್ 1988ರಲ್ಲಿ ಬೀಲ್ ನಗರದಲ್ಲಿ ಅಲೊನ್ಸೊ ಜಪಾಟಾ ಅವರೆದುರು ಆರೇ ನಡೆಗಳಲ್ಲಿ ಸೋತ ಆಟ. ಪೆಟ್ರೋವ್ ಡಿಫೆನ್ಸ್ ಎಂಬ ಆರಂಭದಲ್ಲಿ ಆನಂದ್ ಅವರ ಕಪ್ಪು ಒಂಟೆ ಎಫ್5ಕ್ಕೆ ಬಂತು, ಬಿಳಿ ಮಂತ್ರಿ ಇ2ಕ್ಕೆ ಬಂತು, ಇ4ರಲ್ಲಿದ್ದ ಕುದುರೆ ಉಳಿಯುವುದಿಲ್ಲವೆಂದು ಕಂಡ ಆನಂದ್ ಸೋಲೊಪ್ಪಿದರು. ಅದೇ ವರ್ಷ ಅವರು ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರೆಂಬುದನ್ನು ನೆನೆದರೆ ಈ ಆಟ ನನಗೆ ಇನ್ನಷ್ಟು ಪ್ರಿಯವಾಗುತ್ತದೆ.

ಈ ಸಂಗ್ರಹ ಬರೀ ಚಮತ್ಕಾರಗಳ ಮೂಟೆಯಾಗಬಾರದೆಂಬುದು ನನ್ನ ಇಚ್ಛೆ. ವಿಚಿತ್ರವಾದ ಆಟಗಳಲ್ಲಿ ಯಾವುದರೊಳಗೆ ನಿಜವಾದ ಚದುರಂಗವಿದೆ ಎಂದು ತಾವು ಹೇಗೆ ತೀರ್ಮಾನಿಸುತ್ತೀರಿ? ಲಾಸ್ಕರ್ ಕೊನೆಯ ನಡೆಯಲ್ಲಿ ಕ್ಯಾಸ್ಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ವಿಶೇಷ ನಡೆ) ಮಾಡಿದ್ದರೂ ಮೇಟ್ ಆಗುತ್ತಿತ್ತೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ತುರಗಪದ, ಚಿತ್ರದುರ್ಗ

ನಮಸ್ಕಾರ ಸರ್. ಸಣ್ಣ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹೌದು, ಮಂತ್ರಿಯ ಕಡೆಗೆ ಕ್ಯಾಸ್ಲಿಂಗ್ ಮಾಡಿದ್ದರೂ ಅದು ಮೇಟ್ ಆಗುತ್ತಿತ್ತು. ಬಿಳಿ ರಾಜನಿಗೆ ಚೆಕ್ ಇರಲಿಲ್ಲ, ಡಿ1 ಮನೆಯ ಮೇಲೆ ಯಾವ ಕಪ್ಪು ಕಾಯಿಯ ಕಣ್ಣೂ ಇರಲಿಲ್ಲ, ನಡುವಿನ ಮನೆಗಳು ಖಾಲಿಯಾಗಿದ್ದವು. ಲಾಸ್ಕರ್ ರಾಜನ ನಡೆಯನ್ನು ಆರಿಸಿದರು, ಅಷ್ಟೆ. ಇನ್ನೊಂದು ವಿಷಯ: 14ನೇ ನಡೆಯಲ್ಲಿ ಎಚ್ ಪದಾತಿಯ ಬದಲು ಎಫ್ ಪದಾತಿಯನ್ನು ಎಫ್4ಕ್ಕೆ ತಳ್ಳಿದ್ದರೆ ಮೇಟ್ ಒಂದು ನಡೆ ಮುಂಚೆಯೇ ಸಿಗುತ್ತಿತ್ತು. ಆ ದಾರಿಯಲ್ಲಿ ಕಪ್ಪು ರಾಜ ಎಫ್4ರ ಪದಾತಿಯನ್ನು ಹೊಡೆದು ಎಫ್3ಕ್ಕೆ ಬಂದರೆ, ರಾಜನ ಕಡೆಯ ಕ್ಯಾಸ್ಲಿಂಗೇ ಮೇಟ್ ಆಗುವ ಸೊಗಸಾದ ಕವಲೂ ಇದೆ. ಮಣೆಯ ಮೇಲೆ ಇಟ್ಟು ನೋಡಿ.

ತಮ್ಮ ದೊಡ್ಡ ಪ್ರಶ್ನೆಗೆ ನನ್ನಲ್ಲಿರುವ ಒರೆಗಲ್ಲು ಒಂದೇ. ವಿಚಿತ್ರವಾದ ನಡೆ ಬಂದಾಗ ಅಲ್ಲಿ ನಿಂತು, ಸಾಮಾನ್ಯ ಆಟಗಾರನೊಬ್ಬ ಆಡುವ ಸಹಜ ನಡೆಯನ್ನು ಆಡಿ ನೋಡುತ್ತೇನೆ. ಸಹಜ ನಡೆ ಸೋತು, ವಿಚಿತ್ರ ನಡೆ ಮಾತ್ರ ಗೆಲ್ಲುವುದಾದರೆ ಅಥವಾ ಉಳಿಸುವುದಾದರೆ, ಆ ವೈಚಿತ್ರ್ಯ ಸ್ಥಿತಿಯ ಒಳಗಿನಿಂದಲೇ ಹುಟ್ಟಿದೆ ಎಂದು ತಿಳಿದು ಬರೆದಿಟ್ಟುಕೊಳ್ಳುತ್ತೇನೆ.

ಈ ಪರೀಕ್ಷೆಯಲ್ಲಿ ಮೊದಲ ಸ್ಥಾನ 1991ರಲ್ಲಿ ಟಿಲ್‌ಬರ್ಗ್‌ನಲ್ಲಿ ನೈಜೆಲ್ ಶಾರ್ಟ್ ಅವರು ಯಾನ್ ಟಿಮ್ಮನ್ ಅವರೆದುರು ಆಡಿದ ಆಟಕ್ಕೆ ಸಲ್ಲಬೇಕು. ಮಣೆಯ ಮೇಲೆ ಎರಡೂ ಕಡೆಯ ಮಂತ್ರಿಗಳೂ ಆನೆಗಳೂ ಇರುವಾಗ ಬಿಳಿ ರಾಜ ಎಚ್2, ಜಿ3, ಎಫ್4 ಎಂದು ನಡುಮಣೆಯ ಕಡೆಗೆ ನಡೆಯತೊಡಗಿ, 34ನೇ ನಡೆಯಲ್ಲಿ ಜಿ5ಕ್ಕೆ ಬಂದು ನಿಂತಾಗ ಟಿಮ್ಮನ್ ಸೋಲೊಪ್ಪಿದರು. ಏಕೆಂದರೆ ರಾಜ ಎಚ್6ಕ್ಕೆ ಬಂದರೆ ಎಫ್6ರಲ್ಲಿದ್ದ ಮಂತ್ರಿ ಜಿ7ರಲ್ಲಿ ಮೇಟ್ ಕೊಡುತ್ತದೆ, ಅದನ್ನು ತಡೆಯುವ ಉಪಾಯ ಕಪ್ಪಿಗೆ ಇರಲಿಲ್ಲ. ಅಪಾಯದಿಂದ ದೂರವಿಡಬೇಕೆಂದು ನಾವೆಲ್ಲ ಕಲಿತ ರಾಜನೇ ದಾಳಿಯ ಮುಂಚೂಣಿಗೆ ಬಂದದ್ದು ನೋಡುವವರಿಗೆ ನಗು ತರಿಸುತ್ತದೆ. ಆದರೆ ಶಾರ್ಟ್ ಲೆಕ್ಕ ಹಾಕಿದ್ದು ಬಹಳ ಗಂಭೀರವಾದ ಸತ್ಯವನ್ನು: ಕಪ್ಪು ಕಾಯಿಗಳೆಲ್ಲ ತಮ್ಮ ರಾಜನ ಕಾವಲಿಗೇ ಕಟ್ಟಿಬಿದ್ದಿದ್ದರಿಂದ, ಬಿಳಿ ರಾಜನಿಗೆ ಚೆಕ್ ಕೊಡಬಲ್ಲ ಒಂದು ಕಾಯಿಯೂ ಬಿಡುವಾಗಿರಲಿಲ್ಲ.

ಎರಡನೆಯದಾಗಿ 1872ರ ವಿಯೆನ್ನಾದ ಹಾಂಪೆ ಮತ್ತು ಮೈಟ್ನರ್ ಅವರ ಡ್ರಾ ಆಟವನ್ನು ಸೇರಿಸಿ. ಇಲ್ಲಿ ಕಪ್ಪು ಮೊದಲು ಒಂಟೆಯನ್ನು, ಆಮೇಲೆ ಮಂತ್ರಿಯನ್ನೇ ಬಲಿ ಕೊಟ್ಟು ಬಿಳಿ ರಾಜನನ್ನು ಸಿ6ರವರೆಗೆ ಎಳೆದು ತರುತ್ತದೆ. ಆಗ ಒಂಟೆ ಬಿ7ರಲ್ಲಿ ಚೆಕ್ ಕೊಡುತ್ತದೆ. ರಾಜ ಅದನ್ನು ಹೊಡೆದರೆ ಕಪ್ಪು ರಾಜ ಡಿ7ಕ್ಕೆ ಸರಿದು, ಆನೆಯಿಂದ ಮೇಟ್ ಮಾಡುತ್ತದೆ. ಹೊಡೆಯದೆ ಬಿ5ಕ್ಕೆ ಹೋದರೆ ಒಂಟೆ ಎ6ರಿಂದ ಮತ್ತೆ ಚೆಕ್ ಕೊಡುತ್ತದೆ. ರಾಜ ಸಿ6ಕ್ಕೆ ಮರಳುವುದು, ಒಂಟೆ ಬಿ7ಕ್ಕೆ ಮರಳುವುದು, ಇದೇ ಮರುಕಳಿಸಿ ಆಟ ಡ್ರಾ ಆಗುತ್ತದೆ. ಇಷ್ಟು ಹುಚ್ಚಾಗಿ ಕಾಣುವ ಆಟದ ಕೊನೆಯಲ್ಲಿ ಇಬ್ಬರಿಗೂ ಬೇರೆ ದಾರಿಯೇ ಇಲ್ಲದಿರುವುದು ನನಗೆ ಪ್ರತಿ ಸಲವೂ ಅಚ್ಚರಿ ತರುತ್ತದೆ.

ಇದೇ ಒರೆಗಲ್ಲಿನಿಂದ ಎರಡನ್ನು ಹೊರಗಿಡುತ್ತೇನೆ. 1989ರಲ್ಲಿ ಬೆಲ್‌ಗ್ರೇಡ್‌ನಲ್ಲಿ ನಿಕೋಲಿಚ್ ಮತ್ತು ಅರ್ಸೊವಿಚ್ ಆಡಿದ 269 ನಡೆಗಳ ಡ್ರಾ ದಾಖಲೆಯ ದೃಷ್ಟಿಯಿಂದ ದೊಡ್ಡದು. ಆನೆ ಮತ್ತು ಒಂಟೆ ಒಂದು ಕಡೆ, ಬರೀ ಆನೆ ಇನ್ನೊಂದು ಕಡೆ ಇರುವ ಸ್ಥಿತಿಗೆ ಆಗ 50ರ ಬದಲು 100 ನಡೆಗಳ ಅವಕಾಶವಿದ್ದುದರಿಂದ ಅದು ಅಷ್ಟು ಬೆಳೆಯಿತು. ಆದರೆ ಅದನ್ನು ಗೆಳೆಯರೆದುರು ಆಡಿ ತೋರಿಸುವುದು ಅಸಾಧ್ಯ. 2021ರ ಮಾರ್ಚ್‌ನಲ್ಲಿ ಕಾರ್ಲ್‌ಸನ್ ಮತ್ತು ನಕಮುರ ಇಬ್ಬರೂ ಎರಡನೇ ನಡೆಯಲ್ಲೇ ರಾಜರನ್ನು ಮುಂದೆ ತಂದು, ಹಿಂದೆ ಮುಂದೆ ಓಡಾಡಿಸಿ ಡ್ರಾ ಮಾಡಿಕೊಂಡ ಆಟದಲ್ಲಿ ಸ್ಥಿತಿಯ ಒತ್ತಾಯ ಯಾವುದೂ ಇಲ್ಲ. ಇಬ್ಬರೂ ಮುಂದಿನ ಸುತ್ತಿಗೆ ಆಗಲೇ ಅರ್ಹರಾಗಿದ್ದರು.

ಉತ್ತರ: ಇ4 ಆಟಗಾರ್ತಿ, ದಾವಣಗೆರೆ

ಸರ್, ಕಾರ್ಲ್‌ಸನ್ ಮತ್ತು ನಕಮುರ ಅವರ ಆಟದ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ನಾನು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಆ ಆಟವನ್ನು ತೋರಿಸಿ, ‘ರಾಜ ಇ2ಕ್ಕೆ ಬಂದದ್ದು ಏಕೆ ಕೆಟ್ಟದ್ದು?’ ಎಂದು ಕೇಳಿದರೆ, ಮಂತ್ರಿಗೂ ಒಂಟೆಗೂ ದಾರಿ ಕಟ್ಟಿತು, ಕ್ಯಾಸ್ಲಿಂಗ್ ಹಕ್ಕು ಹೋಯಿತು ಎಂದು ಮಕ್ಕಳು ತಾವಾಗಿಯೇ ಹೇಳುತ್ತಾರೆ. ಓಪನಿಂಗಿನ ನಿಯಮಗಳನ್ನು ನಾನು ಎಷ್ಟು ಸಲ ಬಾಯಲ್ಲಿ ಹೇಳಿದರೂ ಹುಟ್ಟದ ಉತ್ಸಾಹ ಅಲ್ಲಿ ಹುಟ್ಟುತ್ತದೆ. ಆದರೂ ಅದನ್ನು ಒಂಟಿಯಾಗಿ ಬರೆಯದೆ, ಅದರ ಪಕ್ಕದಲ್ಲಿ 1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ಟೋನಿ ಮೈಲ್ಸ್ ಆಡಿದ ಆಟವನ್ನು ಬರೆಯಬೇಕೆಂದು ನನ್ನ ಸಲಹೆ. ಆಗಿನ ವಿಶ್ವ ಚಾಂಪಿಯನ್ ಅನಾತೊಲಿ ಕಾರ್ಪೋವ್ ಇ4 ಆಡಿದಾಗ ಮೈಲ್ಸ್ ಎ6 ಎಂದೂ, ಡಿ4 ಆಡಿದಾಗ ಬಿ5 ಎಂದೂ ಉತ್ತರಿಸಿದರು. ಹೊಸಬರು ಮಾತ್ರ ಆಡುವಂತೆ ಕಾಣುವ ಈ ನಡೆಗಳ ಹಿಂದೆ, ಒಂಟೆಯನ್ನು ಬಿ7ರಲ್ಲಿಟ್ಟು ನಡುಮಣೆಯ ಮೇಲೆ ದೂರದಿಂದ ಒತ್ತಡ ತರುವ ನಿಜವಾದ ಯೋಜನೆಯಿತ್ತು, ಮತ್ತು ಅವರು ಗೆದ್ದರು. ಎರಡನ್ನೂ ಒಟ್ಟಿಗೆ ನೋಡಿದರೆ ತಾವು ಕೇಳಿದ ವ್ಯತ್ಯಾಸ ತಾನಾಗಿಯೇ ಕಾಣುತ್ತದೆ.

ಉತ್ತರ: ಎಂಡ್‌ಗೇಮ್ ಪ್ರೇಮಿ, ಹರಿಹರ

ಆಡಿದ ಆಟಗಳಿಗಷ್ಟೇ ತಮ್ಮನ್ನು ಕಟ್ಟಿಹಾಕಿಕೊಳ್ಳಬೇಡಿ. ರಚಿಸಿದ ಸ್ಥಿತಿಗಳಲ್ಲಿ ವಿನೋದ ಇನ್ನೂ ಶುದ್ಧವಾಗಿ ಸಿಗುತ್ತದೆ. 1895ರ ಸಾವೆದ್ರಾ ಸ್ಥಿತಿಯನ್ನು ಇಟ್ಟು ನೋಡಿ: ಬಿಳಿಯ ರಾಜ ಬಿ6ರಲ್ಲಿ, ಪದಾತಿ ಸಿ6ರಲ್ಲಿ, ಕಪ್ಪಿನ ರಾಜ ಎ1ರಲ್ಲಿ, ಆನೆ ಡಿ5ರಲ್ಲಿ. ನಡೆ ಬಿಳಿಯದು. ಗ್ಲಾಸ್ಗೋದ ಪತ್ರಿಕೆಯೊಂದರಲ್ಲಿ ಇದನ್ನು ಡ್ರಾ ಎಂದೇ ಪ್ರಕಟಿಸಲಾಗಿತ್ತು. ಪದಾತಿ ಸಿ7ಕ್ಕೆ ಹೋಗುತ್ತದೆ, ಕಪ್ಪು ಆನೆ ಡಿ ಸಾಲಿನಿಂದ ಚೆಕ್ ಮೇಲೆ ಚೆಕ್ ಕೊಡುತ್ತದೆ, ಬಿಳಿ ರಾಜ ಬಿ5, ಬಿ4, ಬಿ3 ಎಂದು ಇಳಿದು ಸಿ2ಕ್ಕೆ ಬರುತ್ತದೆ. ಆಗ ಆನೆ ಡಿ4ಕ್ಕೆ ಹೋಗಿ ಬಲೆ ಒಡ್ಡುತ್ತದೆ: ಪದಾತಿ ಮಂತ್ರಿಯಾದರೆ ಆನೆ ಸಿ4ರಲ್ಲಿ ಚೆಕ್ ಕೊಡುತ್ತದೆ, ಮಂತ್ರಿ ಆನೆಯನ್ನು ಹೊಡೆದರೆ ಸ್ಟೇಲ್‌ಮೇಟ್, ಅಂದರೆ ಚೆಕ್ ಇಲ್ಲದೆಯೂ ಕಪ್ಪಿಗೆ ಆಡಲು ನಡೆಯೇ ಇಲ್ಲದೆ ಡ್ರಾ. ಅಲ್ಲಿಯೇ ವಾಸವಾಗಿದ್ದ ಸ್ಪೇನ್ ದೇಶದ ಪಾದ್ರಿ ಫರ್ನಾಂಡೊ ಸಾವೆದ್ರಾ, ಪದಾತಿಯನ್ನು ಮಂತ್ರಿ ಮಾಡದೆ ಆನೆ ಮಾಡಿದರೆ ಗೆಲುವಿದೆ ಎಂದು ತೋರಿಸಿಕೊಟ್ಟರು. ಹೊಸ ಆನೆ ಎ8ರಲ್ಲಿ ಮೇಟ್ ಬೆದರಿಕೆ ಹಾಕುತ್ತದೆ, ಕಪ್ಪು ಆನೆ ಎ4ಕ್ಕೆ ಬಂದು ತಡೆಯಬೇಕು, ಆಗ ಬಿಳಿ ರಾಜ ಬಿ3ಕ್ಕೆ ಬಂದರೆ ಸಿ1ರಲ್ಲಿ ಮೇಟ್ ಮತ್ತು ಎ4ರ ಆನೆ, ಎರಡೂ ಬೆದರಿಕೆಗಳು ಒಟ್ಟಿಗೆ ನಿಲ್ಲುತ್ತವೆ.

ಇನ್ನೊಂದು ಸಂಗತಿ. 1920ರ ನ್ಯೂ ಆರ್ಲಿಯನ್ಸ್‌ನ ಆಡಮ್ಸ್ ಮತ್ತು ಕಾರ್ಲೋಸ್ ಟೊರೆ ಅವರ ಆಟವನ್ನು ತಾವು ಎಂದಾದರೂ ಸೇರಿಸುತ್ತೀರಿ. ಕಪ್ಪಿನ ಮಂತ್ರಿಯೂ ಆನೆಗಳೂ ಇ8 ಮನೆಯ ಕಾವಲನ್ನು ಬಿಡುವಂತಿಲ್ಲದ ಕಾರಣ ಬಿಳಿ ತನ್ನ ಮಂತ್ರಿಯನ್ನು ನಡೆ ನಡೆಗೂ ಮುಂದೊಡ್ಡುತ್ತದೆ, ಕಪ್ಪು ಒಮ್ಮೆಯೂ ಹೊಡೆಯಲಾರದು. ಆ ಆಟ ಪಂದ್ಯದಲ್ಲಿ ನಡೆದದ್ದಲ್ಲ, ಟೊರೆ ತನ್ನ ಗುರು ಆಡಮ್ಸ್ ಅವರ ಗೌರವಕ್ಕಾಗಿ ರಚಿಸಿದ್ದು ಎಂಬ ಸಂಶಯ ಇತಿಹಾಸಕಾರರಲ್ಲಿ ಬಲವಾಗಿದೆ. ನನ್ನ ಮಟ್ಟಿಗೆ ಅದು ಆಟದ ಸೊಗಸನ್ನು ಕಡಿಮೆ ಮಾಡುವುದಿಲ್ಲ, ಆದರೆ ಪುಟದ ಮೇಲೆ ಆ ಸಂಶಯವನ್ನು ಬರೆದಿಡುವುದು ನಮ್ಮ ಕರ್ತವ್ಯ.

ಮರುಪ್ರಶ್ನೆ: ಕಾಲಾಳು, ದಾವಣಗೆರೆ

ತಮ್ಮೆಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಸಾವೆದ್ರಾ ಸ್ಥಿತಿಯನ್ನು ಇಟ್ಟ ಕೂಡಲೇ ಜಗಳೂರು ಕಡೆಯ ನನ್ನ ಗೆಳೆಯರೊಬ್ಬರು ಆಕ್ಷೇಪ ಎತ್ತಿದರು. ಅವರು ತಮ್ಮ ಅಜ್ಜನಿಂದ ಹಳೆಯ ಊರಾಟದ ಪದ್ಧತಿಯಲ್ಲಿ ಚದುರಂಗ ಕಲಿತವರು. ಅಲ್ಲಿ ಪದಾತಿ ಎಂದಿಗೂ ಒಂದೇ ಮನೆ ನಡೆಯುತ್ತದೆ, ಕ್ಯಾಸ್ಲಿಂಗ್ ಇಲ್ಲ. ಒಮ್ಮೆಯೂ ಚೆಕ್ ತಿನ್ನದ ರಾಜ ಒಂದೇ ಒಂದು ಸಲ ಕುದುರೆಯಂತೆ ಹಾರಬಹುದು, ಮತ್ತು ಪದಾತಿ ಯಾವ ಕಾಯಿಯ ಸಾಲಿನಲ್ಲಿ ಕೊನೆ ಮುಟ್ಟುತ್ತದೆಯೋ ಆ ಕಾಯಿಯೇ ಆಗುತ್ತದೆ. ಅವರ ನಿಯಮದಲ್ಲಿ ಸಿ ಸಾಲು ಒಂಟೆಯದು, ಆದ್ದರಿಂದ ಸಾವೆದ್ರಾ ಗೆಲುವು ಅಲ್ಲಿ ಇಲ್ಲವೇ ಇಲ್ಲ. ಅವರಿಗೂ ಒಪ್ಪಿಗೆಯಾಗುವ ಒಂದು ಆಟವನ್ನು ತೋರಿಸಬೇಕೆಂದು ನನಗೆ ಬಹಳ ಆಸೆಯಿದೆ. ಲಾಸ್ಕರ್ ಆಟವನ್ನು ಆ ನಿಯಮಗಳಿಗೆ ಹೊಂದಿಸಲು ಸಾಧ್ಯವೇ?

ಉತ್ತರ: ತುರಗಪದ, ಚಿತ್ರದುರ್ಗ

ತಮ್ಮ ಗೆಳೆಯರ ಪರಂಪರೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಮಣೆಯಾಟಗಳ ವಿನೋದವನ್ನು ಗಂಭೀರ ವಿದ್ಯೆಯಾಗಿ ಬೆಳೆಸಿದವರು. 12 ಸಾಲು, 12 ಕಂಬಗಳ ಮಣೆಯಲ್ಲಿ ಕುದುರೆಯನ್ನು ಎಲ್ಲ 144 ಮನೆಗಳಿಗೂ ಒಂದೊಂದೇ ಸಲ ನಡೆಸಿ, ನಡೆಯ ಸಂಖ್ಯೆಗಳನ್ನು ಮನೆಗಳಲ್ಲಿ ಬರೆದಾಗ ಪ್ರತಿ ಅಡ್ಡಸಾಲು, ಪ್ರತಿ ಕಂಬದ ಮೊತ್ತ 870 ಬರುವಂತೆ ಅವರು ಜೋಡಿಸಿದ್ದಾರೆ. ತಮ್ಮ ಸಂಗ್ರಹದಲ್ಲಿ ಅದಕ್ಕೂ ಒಂದು ಪುಟ ಇರಲಿ.

ಲಾಸ್ಕರ್ ಆಟಕ್ಕೆ ಬರೋಣ. ಮೊದಲಿನಿಂದ ಆಡಿದರೆ ಊರಾಟದ ನಿಯಮಕ್ಕೆ ಒಗ್ಗುವುದಿಲ್ಲ, ಆದ್ದರಿಂದ 11ನೇ ನಡೆಯ ಸ್ಥಿತಿಯನ್ನೇ ಒಗಟಿನಂತೆ ಇಡಿ. ಬಿಳಿಯ ರಾಜ ಇ1, ಮಂತ್ರಿ ಎಚ್5, ಆನೆಗಳು ಎ1 ಮತ್ತು ಎಚ್1, ಒಂಟೆ ಡಿ3, ಕುದುರೆಗಳು ಇ4 ಮತ್ತು ಇ5, ಪದಾತಿಗಳು ಎ2, ಬಿ2, ಸಿ2, ಡಿ4, ಎಫ್2, ಜಿ2, ಎಚ್2. ಕಪ್ಪಿನ ರಾಜ ಜಿ8, ಮಂತ್ರಿ ಇ7, ಆನೆಗಳು ಎ8 ಮತ್ತು ಎಫ್8, ಒಂಟೆಗಳು ಬಿ7 ಮತ್ತು ಎಫ್6, ಕುದುರೆ ಬಿ8, ಪದಾತಿಗಳು ಎ7, ಬಿ6, ಸಿ7, ಡಿ7, ಇ6, ಜಿ7, ಎಚ್7. ಮಂತ್ರಿ ಎಚ್7ರಲ್ಲಿ ಹೊಡೆದು ಚೆಕ್ ಕೊಟ್ಟ ಕ್ಷಣದಿಂದಲೇ ಕಪ್ಪು ರಾಜನ ಹಾರುವ ಹಕ್ಕು ಹೋಯಿತು, ಹೀಗಾಗಿ ಅದು ನಡೆದೇ ಹೋಗಬೇಕು.

ತೊಡಕಿರುವುದು 14ನೇ ನಡೆಯಲ್ಲಿ ಮಾತ್ರ. ಎಚ್2ರ ಪದಾತಿ ಒಮ್ಮೆಗೇ ಎಚ್4ಕ್ಕೆ ಹೋಗಿ ಚೆಕ್ ಕೊಡಬೇಕು, ಅದನ್ನು ತಮ್ಮ ಗೆಳೆಯರು ಒಪ್ಪುವುದಿಲ್ಲ. ಅದಕ್ಕಾಗಿ ಆ ಪದಾತಿಯನ್ನು ಮೊದಲೇ ಎಚ್3ರಲ್ಲಿಡಿ. ಉಳಿದ ಯಾವ ನಡೆಯೂ ಕೆಡುವುದಿಲ್ಲ: ಇ4ರ ಕುದುರೆ ಎಫ್6ರಲ್ಲಿ ಹೊಡೆದು ಚೆಕ್, ಇ5ರ ಕುದುರೆ ಜಿ4ಕ್ಕೆ ಬಂದು ಚೆಕ್, ಎಚ್4 ಪದಾತಿ ಚೆಕ್, ಜಿ3 ಪದಾತಿ ಚೆಕ್, ಒಂಟೆ ಇ2 ಚೆಕ್, ಆನೆ ಎಚ್2 ಚೆಕ್, ಕಪ್ಪು ರಾಜ ಜಿ1ಕ್ಕೆ ಬಂದು ನಿಲ್ಲುತ್ತದೆ. ಇಲ್ಲಿ ಕ್ಯಾಸ್ಲಿಂಗ್ ಇಲ್ಲದಿದ್ದರೂ ಬಿಳಿಗೆ ನಷ್ಟವಿಲ್ಲ. ಬಿಳಿ ರಾಜ ಇನ್ನೂ ಒಂದು ಚೆಕ್ಕನ್ನೂ ತಿಂದಿಲ್ಲ, ಒಂಟೆ ಇ2ಕ್ಕೆ ಹೋದದ್ದರಿಂದ ಡಿ3 ಮನೆ ಖಾಲಿಯಾಗಿದೆ, ಯಾವ ಕಪ್ಪು ಕಾಯಿಯೂ ಆ ಮನೆಯನ್ನು ನೋಡುತ್ತಿಲ್ಲ. ರಾಜ ಇ1ರಿಂದ ಡಿ3ಕ್ಕೆ ಕುದುರೆಯಂತೆ ಹಾರಿದರೆ ಎ1ರ ಆನೆಯ ಸಾಲು ತೆರೆದು ಮೇಟ್ ಆಗುತ್ತದೆ.